ಬಾಯಿಗೆ ಬಂದದ್ದು ಬೆರಳಿಗೆ ಬರಬೇಕು

(ಕಿರಂಗೂರು ಸರ್ಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಎಂಜಿನಿಯರು, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಕು ಮಾತು ಹೇಳು" ಅಂದರು. ಒಪ್ಪಿಕೊಂಡೆ. ಆಮೇಲೆ ಯೋಚನೆ ಮಾಡಿದರೆ, ಕಂಪ್ಯೂಟರ್ ಬಗ್ಗೆ ಈ ಮಕ್ಕಳಿಗೆ ನನಗಿಂತ ಹೆಚ್ಚು ಗೊತ್ತು. ಅದಕ್ಕೇ ಇದನ್ನು ಹೊತ್ತು ತಂದಿದ್ದೇನೆ. ಬಸ್ಸಿನಲ್ಲಿ ಕಂಡಕ್ಟರು ಇದಕ್ಕೂ ಟಿಕೆಟ್ ಬೇಕು ಅಂದರು. ಇದು ಗಿಟಾರ್. ಇದರಲ್ಲಿ ಬರೆದಿಟ್ಟುಕೊಳ್ಳದ, ಬಾಯಿಪಾಠ ಮಾಡದ ಒಂದು ರಾಗವನ್ನು ಆ ಕ್ಷಣಕ್ಕೆ ಹುಟ್ಟಿಸಿ ನುಡಿಸುವುದನ್ನು ನಾನು ಹೇಗೆ ಕಲಿತೆ, ಕಲಿಯದೆ ಎಷ್ಟು ವರ್ಷ ಒದ್ದಾಡಿದೆ ಅನ್ನುವುದೇ ಇವತ್ತಿನ ನನ್ನ ಮಾತು. ಸಮಿತಿಯವರು ಕ್ಷಮಿಸಬೇಕು.

ನಾನು ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದ್ದು 2004ರಲ್ಲಿ. ಒಳ್ಳೆಯ ಅಂಕ ಬಂದಿತ್ತು. ಅದರ ಗುಟ್ಟು ನನ್ನ ಪಕ್ಕದಲ್ಲಿ ಕೂರುತ್ತಿದ್ದವರಿಗೆ ಗೊತ್ತು. ನಾನು ಉತ್ತರಗಳನ್ನು ಅಲ್ಪವಿರಾಮ ಸಮೇತ ಬಾಯಿಪಾಠ ಮಾಡುತ್ತಿದ್ದೆ. ನಮ್ಮ ಮೇಷ್ಟ್ರುಗಳು "ಅರ್ಥ ಮಾಡ್ಕೊಂಡು ನಿನ್ನ ಮಾತಲ್ಲಿ ಬರಿಯೋ" ಅಂತ ಎಷ್ಟು ಸಲ ಹೇಳಿದ್ದರೋ. ನನ್ನ ಮಾತಿನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಪುಸ್ತಕದ ಮಾತು ತಪ್ಪಾಗುವುದಿಲ್ಲ, ನನ್ನ ಮಾತು ತಪ್ಪಾಗಬಹುದು. ಅಷ್ಟೇ ಲೆಕ್ಕ.

ಎಂಜಿನಿಯರಿಂಗ್ ಸೇರಿದ ಮೇಲೆ ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬರು ಬಿಟ್ಟುಹೋಗುತ್ತಿದ್ದ ಹಳೆಯ ಗಿಟಾರನ್ನು ಕೊಂಡುಕೊಂಡೆ. ಅದನ್ನು ಕಲಿತದ್ದೂ ಅದೇ ಕ್ರಮದಲ್ಲಿ. ಗಿಟಾರಿಗೆ ಟ್ಯಾಬ್ ಅಂತ ಒಂದು ಬರವಣಿಗೆ ಇದೆ. ಆರು ತಂತಿಗೆ ಆರು ಗೆರೆ. ಯಾವ ಗೆರೆಯ ಮೇಲೆ ಯಾವ ಅಂಕಿ ಇದೆಯೋ ಆ ತಂತಿಯ ಆ ಮನೆಯನ್ನು ಒತ್ತಬೇಕು. ಸ್ವರ ಗೊತ್ತಿರಬೇಕಿಲ್ಲ, ರಾಗ ಗೊತ್ತಿರಬೇಕಿಲ್ಲ. ಏಳು, ಐದು, ಏಳು, ಎಂಟು. ಮಗ್ಗಿ ಇದ್ದ ಹಾಗೆ. ದೊಡ್ಡ ದೊಡ್ಡ ಕಲಾವಿದರ ಸೋಲೋಗಳನ್ನು ನಾನು ಹೀಗೆ ಅಂಕಿ ನೋಡಿ ಕಲಿತು ನುಡಿಸುತ್ತಿದ್ದೆ. ಹಾಡಿನ ನಡುವೆ ಗಾಯಕ ನಿಲ್ಲಿಸಿದಾಗ ಒಂದೇ ವಾದ್ಯ ಮುಂದೆ ಬಂದು ನುಡಿಯುತ್ತದಲ್ಲ, ಅದೇ ಸೋಲೋ. ಕೇಳಿದವರು ಬೆರಗಾಗುತ್ತಿದ್ದರು. ಹಾಸ್ಟೆಲಿನಲ್ಲಿ ನನಗೊಂದು ಅಡ್ಡಹೆಸರೂ ಬಿತ್ತು, ಅದನ್ನು ಇಲ್ಲಿ ಹೇಳುವುದು ಬೇಡ.

2008ರಲ್ಲಿ ಕಾಲೇಜಿನ ವಾರ್ಷಿಕೋತ್ಸವ. ವೇದಿಕೆ ಮೇಲೆ ನಾವು ಐದು ಜನ. ನನ್ನ ಸೋಲೋ ಹದಿನಾರು ಆವರ್ತ ಅಂತ ಮಾತಾಗಿತ್ತು. ಹದಿನಾರಕ್ಕೆ ಸರಿಯಾಗಿ ಮುಗಿಸಿದೆ. ಹಾಡುವ ಹುಡುಗನ ಮೈಕಿನ ವೈರು ಕಿತ್ತುಹೋಗಿತ್ತು. ಅವನು ಹಾಡಲಿಲ್ಲ. ಡ್ರಮ್ಸ್ ಹುಡುಗ ನನ್ನ ಕಡೆ ತಿರುಗಿ, ಮುಂದುವರಿಸು ಅಂತ ತಲೆಯಲ್ಲೇ ಸನ್ನೆ ಮಾಡಿದ. ನನ್ನ ಬಳಿ ಮುಂದುವರಿಸಲು ಏನೂ ಇರಲಿಲ್ಲ. ಕಲಿತ ಅಂಕಿಗಳು ಮುಗಿದಿದ್ದವು. ಅವರು ತಾಳ ಹಾಕುತ್ತಲೇ ಇದ್ದರು, ನಾನು ಗಿಟಾರ್ ಹಿಡಿದು ನಿಂತೇ ಇದ್ದೆ. ವೈರು ಸರಿಹೋಗಲು ಹೆಚ್ಚೆಂದರೆ ಅರ್ಧ ನಿಮಿಷ ಹಿಡಿದಿರಬೇಕು. ಆ ಅರ್ಧ ನಿಮಿಷ ಈಗಲೂ ಒಮ್ಮೊಮ್ಮೆ ಕನಸಿನಲ್ಲಿ ಬರುತ್ತದೆ. ಅದೇ ವರ್ಷ ಒಂದು ವೈವಾದಲ್ಲಿ, ಓದಿದ್ದನ್ನೇ ಬೇರೆ ಕಡೆಯಿಂದ ತಿರುಗಿಸಿ ಕೇಳಿದಾಗಲೂ ನಾನು ಹಾಗೇ ನಿಂತಿದ್ದೆ. ಎರಡೂ ಒಂದೇ ಕಾಯಿಲೆ ಅಂತ ಆಗ ಹೊಳೆಯಲಿಲ್ಲ. ಗಿಟಾರನ್ನು ಮಂಚದ ಕೆಳಗೆ ತಳ್ಳಿದೆ.

ಅದು ಮತ್ತೆ ಹೊರಗೆ ಬಂದದ್ದು ನಮ್ಮ ಅಜ್ಜಿಯಿಂದ.

ಕೆಲಸಕ್ಕೆ ಸೇರಿದ ಮೊದಲ ವರ್ಷ, ನಮ್ಮ ಚಿಕ್ಕಪ್ಪನ ಮಗಳ ಮದುವೆ. ಇಲ್ಲಿರುವ ಹಿರಿಯ ಹೆಂಗಸರಿಗೆ ನಮ್ಮಜ್ಜಿಯ ನೆನಪಿರುತ್ತದೆ. ಸೋಬಾನೆಗೆ ಅವಳನ್ನು ಅಕ್ಕಪಕ್ಕದ ಊರುಗಳಿಂದ ಬಂದು ಕರೆದುಕೊಂಡು ಹೋಗುತ್ತಿದ್ದರು. ಅಕ್ಷರ ಬರುತ್ತಿರಲಿಲ್ಲ. ಅವತ್ತು ಊಟದ ಹೊತ್ತಿಗೆ ಗಂಡಿನ ಕಡೆಯ ಹೆಂಗಸೊಬ್ಬರು ಬೀಗರ ಪದ ಎತ್ತಿ, ನಮ್ಮ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಹಾಡಿನಲ್ಲೇ ಕಿಚಾಯಿಸಿದರು. ಚಪ್ಪರವೆಲ್ಲ ನಕ್ಕಿತು. ಅಜ್ಜಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದವಳು ಅದನ್ನು ಕೆಳಗಿಟ್ಟು, ಅದೇ ಧಾಟಿಯಲ್ಲಿ, ಆ ಬೀಗಿತ್ತಿಯ ರೇಷ್ಮೆ ಸೀರೆ, ಅವರು ಬಂದಿಳಿದ ಟೆಂಪೋ, ದಾರಿಯಲ್ಲಿ ಅದು ಕೆಟ್ಟು ನಿಂತದ್ದು, ಹಸಿವಾಗಿ ಎರಡೆರಡು ಸಲ ಬಡಿಸಿಕೊಂಡದ್ದು, ಎಲ್ಲವನ್ನೂ ಪೋಣಿಸಿ ಹಾಡಿಬಿಟ್ಟಳು. ಟೆಂಪೋ ಕೆಟ್ಟು ಇನ್ನೂ ಎರಡು ಗಂಟೆ ಆಗಿರಲಿಲ್ಲ. ಆ ಪದವನ್ನು ಅವಳು ಎಲ್ಲಿಂದಲೂ ಕಲಿತಿರಲು ಸಾಧ್ಯವಿಲ್ಲ.

ರಾತ್ರಿ ಜಗಲಿ ಮೇಲೆ ಕೇಳಿದೆ: ಅಷ್ಟು ಬೇಗ ಹೇಗೆ ಕಟ್ಟಿದೆ ಅಜ್ಜಿ?

"ಕಟ್ಟೋದೇನ್ಲಾ ಮಗ. ಧಾಟಿ ಗೊತ್ತಿದ್ರೆ ಮಾತು ತಾನಾಗೇ ಬತ್ತದೆ. ನಾನೊಂದು ಹೇಳ್ತೀನಿ, ಹಿಂದಿರೋರು ಸೊಲ್ಲು ಎತ್ಕತ್ತಾರೆ. ಅವ್ರು ಎತ್ಕಳೋ ಹೊತ್ಗೆ ನಾನು ಮುಂದಿಂದು ಯೋಚ್ನೆ ಮಾಡ್ಕತೀನಿ. ಅವ್ರು ಸುಮ್ಕಿದ್ರೆ ನಂಗೂ ಬರಾಕಿಲ್ಲ."

ನಾನು ಬೆಂಗಳೂರಿಗೆ ವಾಪಸು ಹೋಗಿ ಮಂಚದ ಕೆಳಗಿನ ಗಿಟಾರನ್ನು ತೆಗೆದೆ.

ಅವಳು ಹೇಳಿದ್ದು ಬರೀ ನಮ್ಮ ಮನೆಯ ಮಾತಲ್ಲ ಅಂತ ಆಮೇಲೆ ತಿಳಿಯಿತು. ನಮ್ಮ ಮಂಡ್ಯ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಾವ್ಯ ಹಾಡುತ್ತಾರಲ್ಲ, ಅವರೂ ಪುಸ್ತಕದ ಹಾಗೆ ಪದಪದವನ್ನೂ ಕಂಠಪಾಠ ಮಾಡಿದವರಲ್ಲ. ಕಥೆಯ ದಾರಿ ಗೊತ್ತು, ಧಾಟಿ ಗೊತ್ತು, ಹಿಮ್ಮೇಳ ಇದೆ. ಕೇಳುವವರ ಮುಖ ನೋಡಿ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ನಾಗಮಂಗಲ ತಾಲ್ಲೂಕಿನವರೇ ಆದ ಜೀ.ಶಂ. ಪರಮಶಿವಯ್ಯನವರಂಥ ವಿದ್ವಾಂಸರು ಊರೂರು ಅಲೆದು ಇಂಥ ಕಾವ್ಯಗಳನ್ನು ಸಂಗ್ರಹಿಸಿದರು. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ, ಆಲ್ಬರ್ಟ್ ಲಾರ್ಡ್ ಎಂಬ ಅಮೆರಿಕದ ಇಬ್ಬರು ಯುಗೊಸ್ಲಾವಿಯಕ್ಕೆ ಹೋಗಿ ಅಲ್ಲಿನ ಜನಪದ ಗಾಯಕರ ಹಾಡುಗಳನ್ನು ಧ್ವನಿಮುದ್ರಿಸಿ ಕಂಡುಕೊಂಡದ್ದೂ ಇದನ್ನೇ: ಗಾಯಕ ನೆನಪಿನಿಂದ ಒಪ್ಪಿಸುತ್ತಿಲ್ಲ, ಹಾಡುತ್ತಲೇ ಕಟ್ಟುತ್ತಿದ್ದಾನೆ. ನಮ್ಮಜ್ಜಿಗೆ ಇದನ್ನು ಹೇಳಿದಾಗ, "ಅದ್ಕೆ ಅಷ್ಟು ದೂರ ಯಾಕೋದ್ರು?" ಅಂದಳು.

ಶಾಸ್ತ್ರೀಯ ಸಂಗೀತದವರು ಇದಕ್ಕೆ ಮನೋಧರ್ಮ ಅನ್ನುತ್ತಾರೆ. ಆಲಾಪನೆ, ತಾನ, ನೆರವಲು, ಕಲ್ಪನಾಸ್ವರ. ಇದಕ್ಕೆ ನಾವು ದೂರ ಹೋಗಬೇಕಿಲ್ಲ, ಮೈಸೂರು ಇಲ್ಲಿಂದ ಅರ್ಧ ಗಂಟೆ ದಾರಿ. ವೀಣೆ ಶೇಷಣ್ಣನವರು ಅರಮನೆಯಲ್ಲಿ ಕುಳಿತು ಬೆಳೆಸಿದ್ದು ಈ ವಿದ್ಯೆಯನ್ನೇ. ಅವರು ಪಾಶ್ಚಾತ್ಯರ ಪಿಯಾನೋದ ಮೇಲೂ ನಮ್ಮ ಸಂಗೀತ ನುಡಿಸುತ್ತಿದ್ದರು. ಪಿಟೀಲು ಕೂಡ ಹೊರಗಿನಿಂದ ಬಂದ ವಾದ್ಯವೇ. ನಮ್ಮ ಕಾವೇರಿ ಕೆಳಗೆ ಹರಿದು ಕಪಿಲೆಯನ್ನು ಕೂಡುವ ತಿರುಮಕೂಡಲಿನಿಂದ ಬಂದ ಟಿ. ಚೌಡಯ್ಯನವರು ಆ ವಾದ್ಯಕ್ಕೆ ಏಳು ತಂತಿ ಕಟ್ಟಿ, ಮೈಕಿಲ್ಲದ ಕಾಲದಲ್ಲಿ ದೊಡ್ಡ ಸಭೆಗೆಲ್ಲ ಕೇಳಿಸುವಂತೆ ಮಾಡಿದರು. ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಬ್ಯಾಂಡಿನ ಆ ಕೊಳವೆಯಲ್ಲಿ ರಾಗಾಲಾಪನೆ ಬರುವಂತೆ ವರ್ಷಗಟ್ಟಲೆ ದುಡಿದರು. ಗಿಟಾರಿನಲ್ಲಿ ಸುಕುಮಾರ್ ಪ್ರಸಾದ್, ಅವರ ನಂತರ ಪ್ರಸನ್ನ, ಪೂರ್ತಿ ಕರ್ನಾಟಕ ಸಂಗೀತ ಕಚೇರಿಗಳನ್ನೇ ನಡೆಸಿ ತೋರಿಸಿದ್ದಾರೆ. ಹಾಗಾಗಿ "ಗಿಟಾರು ನಮ್ಮದಲ್ಲ ಬಿಡು" ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಹಾಗಾದರೆ ಪಿಟೀಲನ್ನೂ ಬಿಡಬೇಕಾಗುತ್ತದೆ. ನಾನು ಆ ಮಟ್ಟದ ವಾದಕನಲ್ಲ. ಭಾನುವಾರದ ವಾದಕ. ಆದರೂ ಕಲಿತ ದಾರಿಯನ್ನು ಹೇಳಬಲ್ಲೆ.

ಮೊದಲು ಟ್ಯಾಬ್ ಹಾಳೆಗಳನ್ನೆಲ್ಲ ಕಟ್ಟಿ ಮೇಲಿಟ್ಟೆ. ಐದೇ ಸ್ವರ ಇಟ್ಟುಕೊಂಡೆ. ಸ ರಿ ಗ ಪ ದ, ಅಂದರೆ ಮೋಹನ. ಇಲ್ಲೊಂದು ಚೆಂದದ ಸಂಗತಿ ಇದೆ. ಗಿಟಾರ್ ಕಲಿಯುವ ಯಾವ ದೇಶದ ಹುಡುಗನಿಗೂ ಮೊದಲು ಹೇಳಿಕೊಡುವ ಬೆರಳಿನ ಚೌಕಟ್ಟು ಐದನೇ ಮನೆಯಿಂದ ಎಂಟನೇ ಮನೆಯವರೆಗೆ ಇರುತ್ತದೆ. ಮೈನರ್ ಪೆಂಟಟಾನಿಕ್ ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಶುದ್ಧ ಧನ್ಯಾಸಿಯ ಸ್ವರಗಳು. ಅದೇ ಚೌಕಟ್ಟು, ಅವೇ ಐದು ಸ್ವರ, ಒಂದು ಮನೆಯನ್ನೂ ಬದಲಿಸಬೇಡಿ. ಷಡ್ಜವನ್ನು ಮಾತ್ರ ಪಕ್ಕದ ಸ್ವರಕ್ಕೆ ಸರಿಸಿ, ಅಲ್ಲಿ ಬಂದು ನಿಲ್ಲಿ. ಅದು ಮೋಹನ ಆಗಿಬಿಡುತ್ತದೆ. ಇನ್ನೂ ಮುಂದಕ್ಕೆ ಸರಿಸಿದರೆ ಮಧ್ಯಮಾವತಿ, ಹಿಂದೋಳ, ಶುದ್ಧ ಸಾವೇರಿ. ಗ್ರಹಭೇದ ಅಂತ ಇದಕ್ಕೆ ಹೆಸರು. ನಾನು ಎರಡು ವರ್ಷ ಆ ಚೌಕಟ್ಟಿನ ಮೇಲೆ ಬೆರಳು ಓಡಿಸಿದ್ದೆ, ಅದರೊಳಗೆ ಐದು ರಾಗದ ಸ್ವರಗಳಿವೆ ಅಂತ ಗೊತ್ತೇ ಇರಲಿಲ್ಲ. ಯಾವ ಸ್ವರಗಳನ್ನು ನುಡಿಸುತ್ತೇವೆ ಅನ್ನುವಷ್ಟೇ ಮುಖ್ಯ, ಯಾವುದನ್ನು ಮನೆ ಅಂದುಕೊಂಡು ಹಿಂದಿರುಗುತ್ತೇವೆ ಅನ್ನುವುದು. ಸ್ವರಗಳೊಂದೇ ರಾಗವಲ್ಲ ಅಂತ ಸಂಗೀತ ಬಲ್ಲವರು ಇಲ್ಲಿ ತಡೆಯುತ್ತಾರೆ. ಸರಿಯೇ. ಗಮಕ ಬೇಕು, ಸಂಚಾರ ಬೇಕು. ಅದಕ್ಕೆ ಬರುತ್ತೇನೆ.

ಎರಡನೆಯದು, ಬಾಯಿ. ಬೆರಳು ಮುಟ್ಟುವ ಮೊದಲು ಹಾಡಬೇಕು. ನನ್ನ ದನಿ ಹೇಗಿದೆ ಅಂತ ಪ್ರಾರ್ಥನೆಯಲ್ಲಿ ನನ್ನ ಪಕ್ಕ ನಿಂತವರಿಗೆ ಗೊತ್ತು. ಆದರೂ ಹಾಡಬೇಕು. ಬೆರಳನ್ನು ಅದರ ಪಾಡಿಗೆ ಬಿಟ್ಟರೆ ಅದು ಅಭ್ಯಾಸವಾದ ಕಡೆಗೇ ಓಡುತ್ತದೆ, ಹಗ್ಗ ಬಿಚ್ಚಿದ ಎತ್ತು ಕೊಟ್ಟಿಗೆಗೆ ಹೋದ ಹಾಗೆ. ಬಾಯಿಗೆ ಉಸಿರು ಮುಗಿಯುತ್ತದೆ. ಉಸಿರು ಮುಗಿದಾಗ ಸಾಲು ಮುಗಿಯುತ್ತದೆ. ಗಿಟಾರಿಗೆ ಉಸಿರಿಲ್ಲ, ಅದಕ್ಕೇ ಹೊಸಬರು ನುಡಿಸುವ ಸೋಲೋ ಸಂತೆಯ ಮಾತಿನ ಹಾಗೆ ನಿಲ್ಲದೆ ಹೋಗುತ್ತದೆ. ಒಂದು ಸಣ್ಣ ಸಾಲು ಹಾಡುವುದು, ಅದೇ ಸಾಲನ್ನು ತಂತಿಯ ಮೇಲೆ ಹುಡುಕುವುದು. ಮೊದಲ ದಿನ ನಾಲ್ಕು ಸ್ವರದ ಸಾಲು ಸಿಗಲು ಹತ್ತು ನಿಮಿಷ ಬೇಕಾಯಿತು. ಪಕ್ಕದ ರೂಮಿನವನು ಬಂದು, ಹುಷಾರಾಗಿದ್ದೀಯ ಅಂತ ಕೇಳಿದ. ಆರು ತಿಂಗಳ ಮೇಲೆ ಬಾಯಿಯೂ ಬೆರಳೂ ಒಟ್ಟೊಟ್ಟಿಗೆ ಬರತೊಡಗಿದವು. ಆಮೇಲೆ ಬಾಯಿ ಮುಚ್ಚಿಕೊಂಡೂ ಹಾಡಬಹುದು ಅಂತ ಗೊತ್ತಾಯಿತು.

ಮೂರನೆಯದೇ ಅಜ್ಜಿಯ ಸೊಲ್ಲು. ಒಂದು ಸಾಲು ನುಡಿಸಿ, ಅಷ್ಟೇ ಹೊತ್ತು ಸುಮ್ಮನಿರುವುದು. ಆ ಖಾಲಿ ಜಾಗದಲ್ಲಿ ತಾಳ ನಡೆಯುತ್ತಿರುತ್ತದೆ, ಜೊತೆಯವರು ನುಡಿಸುತ್ತಿರುತ್ತಾರೆ, ನಾನು ಮುಂದಿನದನ್ನು ಕೇಳಿಸಿಕೊಳ್ಳುತ್ತೇನೆ. ಮುಂದಿನ ಸಾಲು ಮೊದಲನೆಯದಕ್ಕೆ ಉತ್ತರವಾಗಿರಬೇಕು: ಅರ್ಧ ಅದೇ, ಅರ್ಧ ಬೇರೆ. ಇದು ಹೇಳಲು ಸುಲಭ. ವೇದಿಕೆಯ ಮೇಲೆ ಎರಡು ಆವರ್ತ ಸುಮ್ಮನಿರುವುದು ನನ್ನಂಥ ಅರ್ಧ ನಿಮಿಷದ ಕನಸು ಬೀಳುವವನಿಗೆ ಎಷ್ಟು ಕಷ್ಟ ಅಂತ ನೀವೇ ಊಹಿಸಿ. ಅವತ್ತು ಸುಮ್ಮನಿದ್ದದ್ದಕ್ಕೇ ನಾಚಿಕೆಪಟ್ಟಿದ್ದೆ. ಈಗ ಬೇಕಂತಲೇ ಸುಮ್ಮನಿರಬೇಕು. ಆದರೆ ಅವತ್ತಿನದು ಮುಗಿದುಹೋದ ಮೌನ, ಇದು ಸೊಲ್ಲಿಗೆ ಬಿಟ್ಟ ಜಾಗ. ಕೇಳುವವರಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಇನ್ನು ಇಳಿಯುವ ಜಾಗ. ಗಿಟಾರಿನ ಹಾಡುಗಳಲ್ಲಿ ಹಿಂದೆ ಕಾರ್ಡುಗಳು ಬದಲಾಗುತ್ತಿರುತ್ತವೆ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಸಿ ಕಾರ್ಡು ಅಂದರೆ ಸ ಗ ಪ. ಅಲ್ಲಿಂದ ಎಫ್ ಕಾರ್ಡಿಗೆ ಹೋದರೆ ಮ ದ ಮತ್ತು ಮೇಲಿನ ಸ. ನಾನು ಮೋಹನದ ಸ್ವರದಲ್ಲೇ ಇದ್ದರೂ, ಕಾರ್ಡು ಬದಲಾಗುವ ಆ ಪೆಟ್ಟಿಗೆ ಸರಿಯಾಗಿ ದ ಅಥವಾ ಸ ಮೇಲೆ ಇಳಿದರೆ ಕಿವಿಗೆ ಹಿತ. ಗ ಮೇಲೆ ಇಳಿದು ಅಲ್ಲೇ ಕೂತರೆ ಏನೋ ಬಾಕಿ ಉಳಿದ ಹಾಗೆ. ಬೇಸಾಯದ ಮನೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ನಾಲೆ ನೀರು ಗದ್ದೆಗೆ ಹಾಯಿಸುವಾಗ ನೀರು ಎಲ್ಲಿ ಓಡಿದರೂ ಸರಿ, ಮಡೆಯ ಬಾಯಿಗೆ ಹೊತ್ತಿಗೆ ಸರಿಯಾಗಿ ಬಂದು ಬೀಳಬೇಕು. ಕರ್ನಾಟಕ ಸಂಗೀತದಲ್ಲಿ ಕಾರ್ಡು ಇಲ್ಲ, ಆದರೆ ಕಲ್ಪನಾಸ್ವರ ಹಾಡುವವರು ಎಷ್ಟು ದೂರ ಹೋದರೂ ಪಲ್ಲವಿಯ ಎತ್ತುಗಡೆಗೆ ಕರಾರುವಾಕ್ಕಾಗಿ ಬಂದು ಸೇರುತ್ತಾರೆ. ಆ ಕ್ಷಣಕ್ಕೆ ಸಭೆ ತಲೆಯಾಡಿಸುವುದು ಅದಕ್ಕೇ.

ತಪ್ಪು ಸ್ವರ ಬಿದ್ದರೆ? ಬೀಳುತ್ತದೆ. ಬಿದ್ದ ಸ್ವರದಿಂದ ಸರಿಯಾದದ್ದು ಹೆಚ್ಚಾಗಿ ಒಂದೇ ಮನೆ ಆಚೆ ಅಥವಾ ಈಚೆ ಇರುತ್ತದೆ. ತಂತಿಯನ್ನು ಮೇಲಕ್ಕೆ ಎಳೆದರೆ ಜಾರಿಕೊಂಡು ಅಲ್ಲಿಗೆ ಸೇರುತ್ತದೆ. ಗಮಕದ ಮಾತು ಇಲ್ಲಿ ಬಂತು. ವೀಣೆಯಲ್ಲೂ ಮೆಟ್ಟಿಲಿನ ಮೇಲೆ ತಂತಿಯನ್ನು ಅಡ್ಡ ಎಳೆದೇ ಗಮಕ ತರುತ್ತಾರೆ. ಗಿಟಾರಿನ ತಂತಿ ಬಿಗಿ, ಅಷ್ಟು ಬಾಗುವುದಿಲ್ಲ; ನನ್ನ ಗಮಕ ವೀಣೆಯ ಮುಂದೆ ಬಡವಾಗಿಯೇ ಕೇಳುತ್ತದೆ, ಅದನ್ನು ಒಪ್ಪಿಕೊಂಡೇ ನುಡಿಸುತ್ತೇನೆ. ಮತ್ತೊಂದು ಉಪಾಯ: ತಪ್ಪಿದ್ದನ್ನು ಎರಡನೇ ಸಲ ಬೇಕೆಂದೇ ನುಡಿಸುವುದು. ಆಗ ಜನ, ಇವನು ತಿಳಿದೇ ಮಾಡಿದ ಅಂದುಕೊಳ್ಳುತ್ತಾರೆ. ಇದನ್ನು ಗಣಿತದ ಪರೀಕ್ಷೆಯಲ್ಲಿ ಮಾಡಬೇಡಿ.

ಆಫೀಸಿನ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕನ್ನಡ ಮಾಧ್ಯಮದಿಂದ ಹೋದವನು ನಾನು. ಮೀಟಿಂಗಿನಲ್ಲಿ ಹೇಳಬೇಕಾದ ಇಂಗ್ಲಿಷ್ ವಾಕ್ಯಗಳನ್ನು ಹಿಂದಿನ ರಾತ್ರಿಯೇ ಬರೆದು ಉರುಹೊಡೆಯುತ್ತಿದ್ದೆ. ಯಾರಾದರೂ ಅಡ್ಡ ಪ್ರಶ್ನೆ ಕೇಳಿದರೆ ಮತ್ತೆ ಅದೇ ಅರ್ಧ ನಿಮಿಷ. ಒಂದು ದಿನ ಹಾಗೆ ಕೇಳಿದಾಗ, ತಿಳಿಯದೆಯೇ, ಒಂದು ಆವರ್ತದಷ್ಟು ಸುಮ್ಮನಿದ್ದು, ಅವರ ಪ್ರಶ್ನೆಯ ಕೊನೆಯ ಮಾತನ್ನೇ ಎತ್ತಿಕೊಂಡು ಉತ್ತರ ಶುರುಮಾಡಿದೆ. ವ್ಯಾಕರಣ ಎರಡು ಕಡೆ ಮುರಿಯಿತು. ಕೆಲಸ ನಡೆಯಿತು. ಆಚೆ ಬಂದು ಕಾಫಿ ಕುಡಿಯುವಾಗ ಕೈ ನಡುಗುತ್ತಿದ್ದದ್ದೂ ನಿಜ.

ಅಜ್ಜಿ ಈಗಿಲ್ಲ. ಅವಳ ದನಿ ನನ್ನ ಫೋನಿನಲ್ಲಿ ಎರಡು ನಿಮಿಷದ್ದು ಒಂದಿದೆ. 2014ರಲ್ಲಿ ಹಬ್ಬಕ್ಕೆ ಬಂದಾಗ ಮುದ್ರಿಸಿಕೊಂಡದ್ದು. ಎಂಜಿನಿಯರ್ ಮೊಮ್ಮಗ, ದುಬಾರಿ ಫೋನು, ಎರಡೇ ನಿಮಿಷ. ಮುಂದಿನ ಸಲ ಸರಿಯಾಗಿ ಮಾಡೋಣ ಅಂದುಕೊಂಡೆ. ಅದರಲ್ಲಿ ಅವಳ ಸಾಲುಗಳ ನಡುವೆ ಖಾಲಿ ಇದೆ. ಅವತ್ತು ಹಿಂದಿನಿಂದ ಸೊಲ್ಲು ಎತ್ತಿಕೊಳ್ಳುವವರು ಯಾರೂ ಇರಲಿಲ್ಲ, ನಾನೊಬ್ಬನೇ ಫೋನು ಹಿಡಿದು ಕೂತಿದ್ದೆ, ನನಗೆ ಎತ್ತಿಕೊಳ್ಳಲು ಬರುತ್ತಿರಲಿಲ್ಲ. ಆದರೂ ಅವಳು ಅಷ್ಟಷ್ಟು ಹೊತ್ತು ಕಾದು ಮುಂದಕ್ಕೆ ಹೋಗಿದ್ದಾಳೆ. ಆ ಧಾಟಿಯನ್ನು ಗಿಟಾರಿನ ಮೇಲೆ ಹುಡುಕಿದರೆ ಇರುವುದು ನಾಲ್ಕೇ ಸ್ವರ. ಈಗ ಭಾನುವಾರ ಬೆಳಿಗ್ಗೆ ಅದನ್ನು ಹಾಕಿಕೊಂಡು, ಆ ಖಾಲಿಗಳಲ್ಲಿ ನಾನು ನುಡಿಸುತ್ತೇನೆ. ಪ್ರತಿ ವಾರ ಬೇರೆ ಬೇರೆ. ನಾನು ಸೋಲೋ ಕಲಿತದ್ದು ಬಹುಪಾಲು ಆ ಎರಡು ನಿಮಿಷದಲ್ಲೇ.

ಈಗ ನಮ್ಮೂರಿನ ಬನ್ನಿಮಂಟಪದಿಂದ ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವಾಗ ಬ್ಯಾಂಡು, ತಮಟೆ, ಪೂಜಾ ಕುಣಿತ ಎಲ್ಲ ಇರುತ್ತದೆ, ನೋಡಲು ಸಂತೋಷ. ಆದರೆ ಮದುವೆ ಮನೆಗಳಲ್ಲಿ ಬೀಗರ ಪದದ ಜಾಗಕ್ಕೆ ದೊಡ್ಡ ಸ್ಪೀಕರುಗಳು ಬಂದಿವೆ. ಸ್ಪೀಕರಿಗೆ ಬೀಗಿತ್ತಿಯ ಟೆಂಪೋ ಕೆಟ್ಟದ್ದು ಗೊತ್ತಾಗುವುದಿಲ್ಲ. ಸೋಬಾನೆ ಹೇಳುವ ಮೂರು ನಾಲ್ಕು ಜನ ಇಲ್ಲೇ ಕುಳಿತಿದ್ದೀರಿ, ನನಗೆ ಕಾಣಿಸುತ್ತಿದೆ. ಮಕ್ಕಳೇ, ನಿಮ್ಮ ಮನೆಯ ಫೋನುಗಳಲ್ಲಿ ಜಾಗ ಖಾಲಿ ಇಲ್ಲದಿದ್ದರೆ ಏನಾದರೂ ಅಳಿಸಿ.

ಈ ಗಿಟಾರನ್ನು ನಾನು ವಾಪಸು ಒಯ್ಯುವುದಿಲ್ಲ. ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿದ್ದೇನೆ. ಪ್ರಯೋಗಾಲಯದ ಬೀರುವಿನಲ್ಲಿ ಇರುತ್ತದೆ, ಬಿಡುವಿನ ವೇಳೆಯಲ್ಲಿ ಕೇಳಿದವರಿಗೆ ಕೊಡುತ್ತಾರೆ. ನಿನ್ನೆ ಹೊಸ ತಂತಿ ಹಾಕಿದ್ದೇನೆ, ಮೊದಲ ವಾರ ಶ್ರುತಿ ಇಳಿಯುತ್ತಿರುತ್ತದೆ, ತಿರುಗಿಸಿಕೊಳ್ಳಬೇಕು. ಬೆರಳ ತುದಿ ಹದಿನೈದು ದಿನ ನೋಯುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಟ್ಯಾಬ್ ಹಾಳೆ ಒಂದನ್ನೂ ತಂದಿಲ್ಲ.

ಕೊನೆಗೆ, ಎಂಟನೇ ತರಗತಿಯ ಒಬ್ಬಳು ತನ್ನ ಅಜ್ಜಿಯಿಂದ ಕಲಿತ ಪದವೊಂದನ್ನು ಹಾಡುತ್ತೇನೆ ಅಂದಿದ್ದಾಳೆ. ಯಾವ ಪದ ಅಂತ ನನಗೆ ಮೊದಲೇ ಹೇಳಬೇಡ ಅಂದಿದ್ದೇನೆ. ಅವಳು ಒಂದು ಸಾಲು ಹೇಳಲಿ, ನೀವೆಲ್ಲ ಸೊಲ್ಲು ಎತ್ತಿಕೊಳ್ಳಿ, ಅಷ್ಟರಲ್ಲಿ ನಾನು ಹುಡುಕಿಕೊಳ್ಳುತ್ತೇನೆ. ಸ್ವಲ್ಪ ಆ ಮೈಕನ್ನು ಅವಳ ಎತ್ತರಕ್ಕೆ ಇಳಿಸಿಕೊಡಿ. ವೈರು ನೋಡಿಕೊಂಡು.